ನಾನು ಕಂಡುಹಿಡಿದ ಬಿರುಕು

ಈ ಭೂಮಂಡಲದಲ್ಲಿ ನನಗೆ ಸೋರುವ ಸಾಮಾನು ಮಾರಬಲ್ಲ ಗಂಡು ಇನ್ನೂ ಹುಟ್ಟಿಲ್ಲ! ಇದು ಜಂಬದ ಮಾತಲ್ಲ, ಅನುಭವದ ಮಾತು. ನಾನು ಪ್ಲಾಸ್ಟಿಕ್ ಬಕೆಟ್ ಕಾರ್ಖಾನೆಯೊಂದರಲ್ಲಿ ತಪಾಸಣಾಧಿಕಾರಿ. ಬೆಳಗಿನಿಂದ ಸಂಜೆಯವರೆಗೆ ಬಕೆಟ್ಟುಗಳನ್ನು ಬೆಳಕಿಗೆ ಹಿಡಿದು, ತಳ ತಟ್ಟಿ, ಕಿವಿಗೊಟ್ಟು ಕೇಳಿ, ಬಿರುಕಿದ್ದರೆ ‘ತಿರಸ್ಕೃತ’ ಎಂದು ಮೊಹರು ಒತ್ತುವುದು ನನ್ನ ಕಾಯಕ. ಮೊಸರಿನಲ್ಲಿ ಕಲ್ಲು ಹುಡುಕುವವನು ಎಂದು ಜನ ಹಿಂದಿನಿಂದ ಆಡಿಕೊಳ್ಳುತ್ತಾರೆ. ಹುಡುಕದೆ ಮತ್ತೇನು ಮಾಡಲಿ? ಸಂಬಳ ಕೊಡುವುದೇ ಅದಕ್ಕೆ! ನನ್ನ ಕೈ ದಾಟಿ ಹೋದ ಬಕೆಟ್ ಸೋರಿದ ಇತಿಹಾಸವೇ ಇಲ್ಲ. ನಮ್ಮ ಮನೆಯ ಬಚ್ಚಲಿನ ಬಕೆಟ್ ಸೋರುತ್ತದೆ, ಅದು ಬೇರೆ ವಿಷಯ.

ಹೀಗಿರುವಾಗ, ಮಾವನವರ ಹಳೆಯ ಕಾರಿಗೆ ಗುಜರಿಯಿಂದ ಒಂದು ಎಂಜಿನ್ ಬ್ಲಾಕ್ ನೋಡಿ ತರಬೇಕಾಗಿ ಬಂದಾಗ, ಗ್ಯಾರೇಜಿನ ಮೇಸ್ತ್ರಿ “ನಾನೂ ಜೊತೆಗೆ ಬರ್ಲಾ ಸಾರ್?” ಎಂದು ಕೇಳಿದ್ದು ನನಗೆ ಅವಮಾನವೆನಿಸಿದ್ದರಲ್ಲಿ ಆಶ್ಚರ್ಯವೇನಿದೆ?

“ನೀವು ಎಂಜಿನ್ ಜೋಡಿಸಿ ಮೇಸ್ತ್ರಿ. ಬಿರುಕು ಹಿಡಿಯೋದು ನಂಗೆ ಬಿಡಿ,” ಎಂದೆ.

“ಇದು ಬಕೆಟ್ ಅಲ್ಲ ಸಾರ್.”

“ಬಕೆಟ್ಟೇ! ಸ್ವಲ್ಪ ದಪ್ಪ ಬಕೆಟ್ಟು. ಒಳಗಡೆ ನೀರು ಓಡಾಡುತ್ತೆ, ಅದು ಹೊರಗೆ ಬರಬಾರದು. ಅಷ್ಟೇ ತಾನೆ?”

ಮೇಸ್ತ್ರಿ ನನ್ನನ್ನೊಮ್ಮೆ ನೋಡಿದರು, ಕಾರನ್ನೊಮ್ಮೆ ನೋಡಿದರು. ಕಾರಿನ ಮೇಲೆ ಅವರಿಗೆ ಕನಿಕರ ಬಂದಂತೆ ಕಂಡಿತು.

ಆ ಕಾರಿನ ಮಹಿಮೆ ಹೇಳದಿದ್ದರೆ ನಿಮಗೆ ಈ ಕಥೆಯ ನೋವು ತಿಳಿಯುವುದಿಲ್ಲ. ನಮ್ಮ ಮಾವನವರು ಡ್ರೈವಿಂಗ್ ಸ್ಕೂಲ್ ನಡೆಸುತ್ತಿದ್ದವರು. ಊರಿನ ಅರ್ಧ ಜನ ಕ್ಲಚ್ ಯಾವುದು, ಬ್ರೇಕ್ ಯಾವುದು ಎಂದು ತಿಳಿದದ್ದು ಇದೇ ಕಾರಿನಲ್ಲಿ. ಕಲಿಯುವವರ ಕಾಲ ಕೆಳಗೆ ಒಂದು ಜೊತೆ ಪೆಡಲ್, ಪಕ್ಕದಲ್ಲಿ ಕೂತು ಕಲಿಸುವವರ ಕಾಲ ಕೆಳಗೆ ಇನ್ನೊಂದು ಜೊತೆ. ಆ ಪಕ್ಕದ ಸೀಟಿನಲ್ಲಿ ಕೂತು ಕಲಿಸುತ್ತಿದ್ದವಳು ಮಾವನವರ ಕಿರಿಯ ಮಗಳು. ಕಲಿಯಲು ಹೋದವನು ನಾನು. ಗೋಡೆಗಳು ನನ್ನ ಕಡೆ ನುಗ್ಗಿ ಬಂದಾಗಲೆಲ್ಲ ಸದ್ದಿಲ್ಲದೆ ತನ್ನ ಕಡೆಯ ಬ್ರೇಕ್ ಒತ್ತಿ ನನ್ನ ಪ್ರಾಣ ಉಳಿಸುತ್ತಿದ್ದ ಆ ಹುಡುಗಿಯನ್ನು ನಾನು ಕೊನೆಗೆ ಮದುವೆಯೇ ಆಗಿಬಿಟ್ಟೆ. ಅಷ್ಟು ಗೋಡೆಗಳ ಋಣ ಬೇರೆ ಹೇಗೆ ತೀರುತ್ತಿತ್ತು?

ಮಾವನವರು ಸ್ಕೂಲ್ ಮುಚ್ಚಿದ ಮೇಲೆ ಕಾರು ನಮ್ಮ ಮನೆಯ ಹಿಂದಿನ ಶೆಡ್ಡಿಗೆ ಬಂತು. ವರ್ಷಗಟ್ಟಲೆ ದುಡಿದ ಎಂಜಿನ್ ಒಂದು ಬೇಸಿಗೆಯಲ್ಲಿ ಕೊತಕೊತ ಕುದಿದು, ಅದರ ಬ್ಲಾಕ್ ಸೀಳಿಹೋಯಿತು. ಬ್ಲಾಕ್ ಎಂದರೆ ಎಂಜಿನ್ನಿನ ಮೈ. ಪಿಸ್ಟನ್ನುಗಳು ಏರಿಳಿಯುವ ದೊಡ್ಡ ಕಬ್ಬಿಣದ ಗಟ್ಟಿ. ಅದು ಸೀಳಿದರೆ ಕಾರು ಕಾರಲ್ಲ, ನಾಲ್ಕು ಚಕ್ರದ ಬೀರು. ಮೇಸ್ತ್ರಿ ಮಾತ್ರ, “ಮಿಕ್ಕಿದ್ದೆಲ್ಲಾ ಸರಿ ಇದೆ. ಇದೇ ಮಾಡಲ್‌ದು ಒಂದು ಒಳ್ಳೆ ಬ್ಲಾಕ್ ತಂದ್ಕೊಡಿ, ಓಡಿಸಿ ತೋರಿಸ್ತೀನಿ,” ಎಂದಿದ್ದರು.

ಸಂಜೆ ಹೊತ್ತು ನನ್ನ ಹೆಂಡತಿ ಶೆಡ್ಡಿಗೆ ಹೋಗಿ ಆ ಕಾರಿನ ತನ್ನ ಸೀಟಿನಲ್ಲಿ, ಪೆಡಲ್ ಮೇಲೆ ಕಾಲಿಟ್ಟು, ಸುಮ್ಮನೆ ಕೂತಿರುತ್ತಿದ್ದಳು. ಅದನ್ನು ಕಿಟಕಿಯಿಂದ ನೋಡುವುದೇ ನನಗೊಂದು ಸಂಕಟ.

ಈ ಸಂಕಟಕ್ಕೊಂದು ಗಡುವು ಬೀಳುವಂತೆ ಮಾಡಿದ್ದು ನಮ್ಮ ಭಾವ. ಭಾವ ಎಂದರೆ ನನ್ನ ಹೆಂಡತಿಯ ಅಕ್ಕನ ಗಂಡ, ಪೀಠೋಪಕರಣದ ವ್ಯಾಪಾರಿ. ಮನೆಯಲ್ಲಿ ನಾವು ಕರೆಯುವುದು ಸೋಫಾ ಭಾವ ಎಂದೇ. ಜಗತ್ತಿನ ಯಾವ ವಸ್ತುವನ್ನು ನೋಡಿದರೂ ಅದರ ಮೇಲೆ ಹೇಗೆ ಕೂರಬಹುದು ಎಂದೇ ಯೋಚಿಸುವ ಮಹಾನುಭಾವ. ಅವರ ಹೊಸ ಷೋರೂಮ್ ತೆರೆಯುವುದರಲ್ಲಿತ್ತು. ಶೆಡ್ಡಿಗೆ ಬಂದು ಕಾರನ್ನು ಟೇಪಿನಿಂದ ಅಳೆದು, “ಮಧ್ಯಕ್ಕೆ ಕತ್ತರಿಸಿದ್ರೆ ಹಿಂದಿನರ್ಧ ಭರ್ಜರಿ ಸೋಫಾ, ಮುಂದಿನರ್ಧ ಗಲ್ಲಾಪೆಟ್ಟಿಗೆ ಇಡೋಕೆ ಕೌಂಟರ್!” ಎಂದರು. ನನ್ನ ಹೆಂಡತಿ ಎದ್ದು ಒಳಗೆ ಹೋದಳು. ಮಾವನವರು ಕಾರಿಗೆ ಒಂದು ಸುತ್ತು ಬಂದರು. ಆಮೇಲೆ ತೀರ್ಪು ಕೊಟ್ಟರು.

“ಶೆಡ್ಡಲ್ಲಿ ತುಕ್ಕು ಹಿಡಿಯೋದು ನಂಗೆ ನೋಡಕ್ಕಾಗಲ್ಲ. ಭಾನುವಾರದೊಳಗೆ ಒಳ್ಳೆ ಬ್ಲಾಕ್ ಸಿಕ್ಕಿದ್ರೆ ಓಡಲಿ. ಸಿಗದಿದ್ರೆ ಸೋಫಾನೇ ಆಗಲಿ.”

“ಸಿಗುತ್ತೆ ಮಾವ! ನಾನಿದೀನಲ್ಲ!” ಎಂದು ಎದೆ ತಟ್ಟಿದೆ.

“ಅದೇ ಧೈರ್ಯ ನಂಗೆ,” ಎಂದು ಭಾವ ತಮ್ಮ ಬೋಳುತಲೆ ಸವರಿಕೊಳ್ಳುತ್ತ ನಕ್ಕರು. ಅವರಿಗೆ ಮೊದಲಿನಿಂದಲೂ ನನ್ನ ಮೇಲೆ ಹೊಟ್ಟೆಕಿಚ್ಚು. ಕಾರಣ ನನ್ನ ತಲೆಗೂದಲು. ಈ ವಯಸ್ಸಿನಲ್ಲೂ ಕಾಡಿಗೆಯಂಥ ಕಪ್ಪು! “ಏನಯ್ಯಾ ಇದರ ಗುಟ್ಟು?” ಎಂದು ಕೇಳಿದಾಗಲೆಲ್ಲ, “ವಂಶದ ಗುಣ ಭಾವ. ನಮ್ಮಲ್ಲಿ ಯಾರಿಗೂ ಕೂದಲು ನೆರೆಯೋದೂ ಇಲ್ಲ, ಉದುರೋದೂ ಇಲ್ಲ,” ಎಂದು ವಿನಯದಿಂದ ಹೇಳುತ್ತೇನೆ.

ಸರಿ, ಸಿದ್ಧತೆ ಶುರುವಾಯಿತು. ಬ್ಲಾಕ್ ಪರೀಕ್ಷೆ ಮಾಡುವುದು ಹೇಗೆಂದು ಮೊಬೈಲಿನಲ್ಲಿ ವಿಡಿಯೊಗಳನ್ನು ನೋಡಿದೆ. ಅದರಲ್ಲಿ ಒಂದು ವಿದ್ಯೆ ನನ್ನ ಮನಸ್ಸನ್ನು ಸೂರೆಗೊಂಡಿತು. ಕಬ್ಬಿಣವನ್ನು ಚೆನ್ನಾಗಿ ತೊಳೆದು, ಸೀಮೆಎಣ್ಣೆ ಸವರಿ, ಸ್ವಲ್ಪ ಹೊತ್ತು ಬಿಟ್ಟು ಒರೆಸಿ, ಮೇಲೆ ತೆಳ್ಳಗೆ ಬಿಳಿ ಪುಡಿ ಉದುರಿಸಬೇಕು. ಬಿರುಕಿದ್ದರೆ ಅದರೊಳಗೆ ಅಡಗಿದ ಎಣ್ಣೆ ಮೆಲ್ಲಗೆ ಮೇಲೆ ಬಂದು, ಬಿಳಿಯ ನಡುವೆ ಕಪ್ಪು ಗೆರೆ ಮೂಡುತ್ತದೆ. ಎಂಥ ಅದ್ಭುತ! ಕೂಡಲೇ ಹೆಂಡತಿಯ ಪೌಡರ್ ಡಬ್ಬಿ ಎತ್ತಿಕೊಂಡು ಅಡುಗೆಮನೆಯ ಬಾಣಲೆಯ ಮೇಲೆ ಪ್ರಯೋಗ ಮಾಡಿದೆ.

“ಲೇ, ಈ ಬಾಣಲೆ ಬಿರುಕು ಬಿಟ್ಟಿದೆ ಕಣೆ! ತಿರಸ್ಕೃತ!”

ಅವಳು ಬಂದು ನೋಡಿದಳು. “ಅದು ಸೌಟು ಗೀರಿದ ಗುರುತು ಕಣ್ರೀ. ಮದುವೆಯಾದಾಗಿಂದ ಅದರಲ್ಲೇ ಕರಿದು ಹಾಕ್ತಿದೀನಿ, ಎಣ್ಣೆ ಸೋರಿತ್ತಾ?”

“ಇನ್ಮೇಲೆ ಸೋರಬಹುದು.”

“ನಿಮಗೆ ಬಿರುಕು ಬೇಕು, ಅಷ್ಟೇ. ಇಲ್ಲದಿದ್ರೂ ಬೇಕು,” ಎಂದು ಬಾಣಲೆಯನ್ನೂ ಪೌಡರ್ ಡಬ್ಬಿಯನ್ನೂ ಕಿತ್ತುಕೊಂಡು ಹೋದಳು. ಡಬ್ಬಿಯನ್ನು ನಾನು ಆಮೇಲೆ ಕದ್ದು ತಂದೆ.

ಗುಜರಿ ಊರಿನ ಅಂಚಿನಲ್ಲಿ, ತಗಡಿನ ಬೇಲಿಯೊಳಗಿತ್ತು. ಒಂದು ಕಡೆ ಬಾಗಿಲುಗಳ ರಾಶಿ, ಇನ್ನೊಂದು ಕಡೆ ಬಂಪರುಗಳ ರಾಶಿ, ನಡುವೆ ಒಂದು ಕಂಬಕ್ಕೆ ಬಳೆಗಳ ಹಾಗೆ ಪೋಣಿಸಿದ ಸ್ಟೀರಿಂಗ್ ಚಕ್ರಗಳು. ಕಿತ್ತ ಬಸ್ ಸೀಟಿನ ಮೇಲೆ ಗುಜರಿಯ ಸಾಹುಕಾರರು ಕೂತಿದ್ದರು. ಅವರದೂ ಬಿಸಿಲಿಗೆ ಮಿರಮಿರ ಮಿಂಚುವ ಬೋಳುತಲೆ.

“ಈ ಮಾಡಲ್‌ದು ಇದೊಂದೇ ಬ್ಲಾಕ್ ಇರೋದು ಸಾರ್. ಇನ್ನೊಬ್ಬ ಗಿರಾಕಿ ಕೇಳ್ಕೊಂಡು ಹೋಗಿದ್ದಾರೆ.”

“ಆ ಇನ್ನೊಬ್ಬ ಗಿರಾಕಿ ಎಲ್ಲಾ ಅಂಗಡೀಲೂ ಇರ್ತಾನೆ ಬಿಡಿ,” ಎಂದು ತೋಳು ಮಡಿಚಿದೆ.

ಸ್ಪ್ಯಾನರಿನಿಂದ ಬ್ಲಾಕನ್ನು ತಟ್ಟಿದೆ. ‘ಠಣ್’ ಎಂದಿತು. ಬಿರುಕಿದ್ದರೆ ‘ಠಪ್’ ಎನ್ನಬೇಕಿತ್ತು. ಕಿವಿಯೊಡ್ಡಿ ಮತ್ತೆ ತಟ್ಟಿದೆ. ಕಿವಿಗೆ ಜಿಡ್ಡು ಮೆತ್ತಿಕೊಂಡಿತು, ಶಬ್ದ ಮಾತ್ರ ಠಣ್ಣೇ. ಯಾರಾದರೂ ತೂತಿಗೆ ಮೇಣ ಮೆತ್ತಿ ಬಣ್ಣ ಬಳಿದಿದ್ದರೆ ಅಯಸ್ಕಾಂತ ಅಲ್ಲಿ ಹಿಡಿಯುವುದಿಲ್ಲ. ನಮ್ಮ ಫ್ರಿಜ್ಜಿನ ಮೇಲಿದ್ದ ಗುಬ್ಬಚ್ಚಿ ಆಕಾರದ ಅಯಸ್ಕಾಂತವನ್ನು ಬ್ಲಾಕಿನ ಮೈತುಂಬ ಓಡಾಡಿಸಿದೆ. ಗುಬ್ಬಚ್ಚಿ ಹೋದಲ್ಲೆಲ್ಲ ಕಚ್ಚಿಕೊಂಡಿತು. ಸಿಲಿಂಡರಿನ ಒಳಗೋಡೆಗೆ ಉಗುರು ತಾಗಿಸಿದೆ, ಪಿಸ್ಟನ್ ಉಜ್ಜಿ ಸವೆದ ಮೆಟ್ಟಿಲಿನಂಥ ಅಂಚು ಸಿಗಲಿಲ್ಲ. ಉಕ್ಕಿನ ಸ್ಕೇಲನ್ನು ಮೇಲ್ಮೈಗೆ ಅಡ್ಡ ಇಟ್ಟು ಟಾರ್ಚ್ ಬಿಟ್ಟೆ, ಕೆಳಗಿನಿಂದ ಒಂದಿಷ್ಟೂ ಬೆಳಕು ತೂರಲಿಲ್ಲ, ಎಲ್ಲೂ ಡೊಂಕಿರಲಿಲ್ಲ. ಎಲ್ಲವೂ ಸರಿಯಾಗಿತ್ತು. ಎಲ್ಲವೂ ಸರಿಯಾಗಿದ್ದದ್ದೇ ನನಗೆ ಸರಿ ಕಾಣಲಿಲ್ಲ!

“ಏನೂ ದೋಷ ಕಾಣ್ತಿಲ್ಲ,” ಎಂದೆ ಅನುಮಾನದಿಂದ.

“ಇಲ್ದೇ ಇರೋದು ಹೇಗೆ ಸಾರ್ ಕಾಣುತ್ತೆ?”

“ಅದೇ ನನ್ನ ಅನುಮಾನ! ತೊಳೆದು, ಪೌಡರ್ ಹಾಕಿ ನೋಡ್ಬೇಕು.”

“ಪೌಡರ್ರಾ? ಮದುವೆಗೆ ಕರ್ಕೊಂಡು ಹೋಗ್ತೀರಾ ಇದನ್ನ?” ಎಂದು ಸಾಹುಕಾರರು ಕಣ್ಣರಳಿಸಿದರು. ಆದರೂ ಒಳ್ಳೆಯ ಮನುಷ್ಯ. “ಆಯ್ತು, ಮನೆಗೇ ತಗೊಂಡ್ಹೋಗಿ. ಏನು ಅಲಂಕಾರ ಮಾಡ್ತೀರೋ ಮಾಡಿ. ಬೇಕು, ಬೇಡ ಅಂತ ಇವತ್ತೇ ಹೇಳ್ಬಿಡಿ. ಬೇಡ ಅಂದ್ರೆ ನಾಳೆ ಬೆಳಿಗ್ಗೆ ನಾನೇ ಬಂದು ಎತ್ಕೊಂಡು ಹೋಗಿ ಆ ಗಿರಾಕಿಗೆ ಕೊಡ್ತೀನಿ.”

ಅದು ಶನಿವಾರ. ಟೆಂಪೊದಲ್ಲಿ ಬ್ಲಾಕ್ ಮನೆಗೆ ಬಂತು. ಹಮಾಲರು ಅದನ್ನು ಹೊತ್ತು “ಎಲ್ಲಿ ಇಡೋದು?” ಎಂದಾಗ ನಾನು ಗಂಭೀರವಾಗಿ “ಬಚ್ಚಲಲ್ಲಿ” ಎಂದೆ. ಅವರು ಪರಸ್ಪರ ಮುಖ ನೋಡಿಕೊಂಡರು. ಹೆಂಡತಿ ಮಾತ್ರ ಏನೂ ಕೊಂಕು ಮಾತಾಡದೆ ಬಾಗಿಲು ಹಿಡಿದು ನಿಂತಿದ್ದಳು. ಬ್ಲಾಕ್ ಒಳಗೆ ಹೋಗುವಾಗ ಅದರ ಮೈಯನ್ನು ಒಮ್ಮೆ ಮೆಲ್ಲಗೆ ಮುಟ್ಟಿದಳು.

“ಚೆನ್ನಾಗಿದೆ ಅಲ್ವೇನ್ರೀ?”

“ಪರೀಕ್ಷೆ ಮುಗೀಲಿ. ಈಗ್ಲೇ ಏನೂ ಹೇಳಕ್ಕಾಗಲ್ಲ,” ಎಂದೆ, ಆಪರೇಷನ್ ಕೋಣೆಯ ಬಾಗಿಲಲ್ಲಿ ನಿಂತ ಡಾಕ್ಟರರ ಧಾಟಿಯಲ್ಲಿ.

ವಾಷಿಂಗ್ ಸೋಡಾ ಬೆರೆಸಿದ ಬಿಸಿನೀರು ಹುಯ್ದು ಬ್ಲಾಕನ್ನು ಉಜ್ಜತೊಡಗಿದೆ. ಎಷ್ಟೋ ವರ್ಷಗಳ ಜಿಡ್ಡು ಕರಗಿ ಕಪ್ಪು ಗಂಜಿಯಂತೆ ಹರಿಯಿತು. ಹರಿದು ಎಲ್ಲಿ ಹೋಗಬೇಕು? ಬಚ್ಚಲಿನ ತೂಬು ಕಟ್ಟಿಕೊಂಡಿತ್ತು! ಕಪ್ಪು ಪ್ರವಾಹ ಹೊಸ್ತಿಲು ದಾಟಿ ನಡುಮನೆಗೆ ನುಗ್ಗಿತು. ಹೆಂಡತಿ ಚಾಪೆ, ಚಪ್ಪಲಿ, ಮೊಬೈಲ್ ಚಾರ್ಜರ್ ಎಲ್ಲವನ್ನೂ ಎತ್ತಿ ಸೋಫಾ ಮೇಲೆ ಎಸೆದು, ಸೆರಗು ಸಿಕ್ಕಿಸಿ, ತೂಬಿಗೆ ಕೈ ಹಾಕಿದಳು. ಒಂದು ಹಿಡಿ ಕೂದಲಿನ ಉಂಡೆ ಎಳೆದು ನನ್ನ ಮೂಗಿನ ಮುಂದೆ ಹಿಡಿದಳು.

“ನೋಡಿ! ಇದು ಯಾರದು?”

ಇದು ನಮ್ಮ ಮನೆಯ ಬಹು ಹಳೆಯ ವ್ಯಾಜ್ಯ. ತೂಬು ಕಟ್ಟುವ ಕೂದಲು ನನ್ನದೆಂದು ಅವಳು, ಅವಳದೆಂದು ನಾನು.

“ನಿನ್ನದೇ. ಸೊಂಟದುದ್ದ ಬಿಟ್ಕೊಂಡಿರೋಳು ನೀನು. ನನ್ನ ತಲೆಯಿಂದ ಒಂದೆಳೆ ಬಿದ್ದಿದ್ದನ್ನ ತೋರಿಸು, ಅವತ್ತೇ ತಲೆ ಬೋಳಿಸ್ಕೋತೀನಿ!”

ಜಿಡ್ಡು ಮೆತ್ತಿದ ಆ ಉಂಡೆಯಲ್ಲಿ ಉದ್ದ, ಗಿಡ್ಡ, ಕಪ್ಪು, ಬಿಳಿ ಒಂದೂ ತಿಳಿಯುವಂತಿರಲಿಲ್ಲ. ಸಾಕ್ಷ್ಯದ ಕೊರತೆಯಿಂದ ನಾನು ಎಂದಿನಂತೆ ಖುಲಾಸೆಯಾದೆ.

ಬ್ಲಾಕ್ ಒಣಗಿತು. ಸೀಮೆಎಣ್ಣೆ ಸವರಿದೆ. ಕಾದೆ. ಒಣಬಟ್ಟೆಯಿಂದ ಒರೆಸಿದೆ. ಎಲ್ಲಿಂದ ಪೌಡರ್ ಶುರುಮಾಡಲಿ ಎಂದು ಬಗ್ಗಿ, ತಲೆ ಕೆರೆದುಕೊಂಡು, ಬೋಲ್ಟ್ ತೂತುಗಳಿರುವ ಮೇಲ್ಮೈಯಿಂದ ಎಂದು ತೀರ್ಮಾನಿಸಿದೆ. ಡಬ್ಬಿ ಅಲ್ಲಾಡಿಸಿದೆ. ಬಚ್ಚಲೆಲ್ಲ ಮಲ್ಲಿಗೆಯ ಪರಿಮಳದ ಮಂಜು ಕವಿಯಿತು. ಮಂಜು ಇಳಿದಾಗ, ಅಚ್ಚ ಬಿಳುಪಿನ ನಡುವೆ, ಅಗೋ!

ಕಪ್ಪು ಗೆರೆ! ಒಂದು ಬೋಲ್ಟ್ ತೂತಿನ ಅಂಚಿನಿಂದ ಹೊರಟು, ಸಿಲಿಂಡರಿನ ಕಡೆ ಚೂರು ಬಾಗಿ, ಅರ್ಧ ದಾರಿಯಲ್ಲಿ ಮಾಯವಾಗಿತ್ತು!

“ಸಿಕ್ತು! ಸಿಕ್ತು! ಲೇ, ಬಾರೇ ಇಲ್ಲಿ! ಹಿಡಿದುಬಿಟ್ಟೆ ಕಳ್ಳನ್ನ!” ಎಂದು ಕುಣಿದೆ. ನಿಜವಾಗಿಯೂ ಕುಣಿದೆ, ಜಾರುವ ನೆಲದ ಮೇಲೆ ಕುಣಿದು, ಸೋರುವ ಬಕೆಟ್ಟಿನೊಳಗೆ ಒಂದು ಕಾಲಿಟ್ಟು ನಿಂತೆ.

ಹೆಂಡತಿ ಬಂದಳು. ಗೆರೆಯನ್ನು ನೋಡಿದಳು. ಅವಳ ಮುಖ ಇಳಿದುಹೋಯಿತು.

“ಹಾಗಾದ್ರೆ ಕಾರು ಹೋಯ್ತಾ?”

“ಹೋಗ್ದೇ ಇರುತ್ತಾ! ಎಂಥ ಬಿರುಕು ನೋಡು. ಎದುರಿಗೆ ಒಂದಿಷ್ಟು ಕಾಣಿಸ್ಕೊಂಡು ಆಮೇಲೆ ಒಳಗೆ ತಲೆಮರೆಸ್ಕೊಳ್ಳೋ ಜಾತಿ. ಬಹಳ ಅಪಾಯ. ಮೇಸ್ತ್ರಿ ಬಂದಿದ್ರೆ ಹಿಡೀತಿದ್ರಾ ಇದನ್ನ?”

ಅವಳು ನನ್ನ ಮುಖವನ್ನೇ ನೋಡಿದಳು. “ಕಾರು ಹೋಯ್ತು ಅಂತ ಇಷ್ಟೊಂದು ಖುಷೀನಾ ನಿಮಗೆ?”

ನನ್ನ ಕುಣಿತ ನಿಂತಿತು. ಆ ಪ್ರಶ್ನೆ ಚುಚ್ಚಿತು, ಸುಳ್ಳೇಕೆ ಹೇಳಲಿ? ಆದರೆ ಗೆದ್ದವನಿಗೆ ಮುಳ್ಳು ಚುಚ್ಚಿದ್ದು ಎಷ್ಟು ಹೊತ್ತು ನೆನಪಿರುತ್ತದೆ! ಅವಳು ಒರೆಸಲು ಬಟ್ಟೆ ತಂದಾಗ, “ಮುಟ್ಟಬೇಡ! ಸಾಕ್ಷಿ!” ಎಂದು ಕೂಗಿ, ಬಚ್ಚಲಿಗೆ ಬಟ್ಟೆ ಒಣಹಾಕುವ ಹಗ್ಗ ಅಡ್ಡ ಕಟ್ಟಿದೆ. ಮೊಹರು ಹೇಗೂ ನನ್ನ ಚೀಲದಲ್ಲೇ ಇರುತ್ತದೆ. ಬ್ಲಾಕಿನ ಹೊಟ್ಟೆಗೆ ಒಂದು ಒತ್ತಿದೆ: ‘ತಿರಸ್ಕೃತ’!

ಆಮೇಲೆ ಫೋನುಗಳು. ಮಾವನವರಿಗೆ ಹೇಳಿದೆ, ಅವರು “ಹೂಂ” ಎಂದು ಇಟ್ಟರು. ಭಾವನವರಿಗೆ ಸುದ್ದಿ ಮುಟ್ಟಿತು. ಕಾರು ಎಳೆದೊಯ್ಯಲು ಬೆಳಿಗ್ಗೆಯೇ ಬರುತ್ತೇನೆಂದರು. ಸಾಹುಕಾರರಿಗಂತೂ ಮಂಗಳಾರತಿಯನ್ನೇ ಎತ್ತಿದೆ.

“ಏನ್ರೀ, ಯಾರಿಗೆ ಟೋಪಿ ಹಾಕೋಕೆ ನೋಡಿದ್ರಿ? ನಿಮ್ಮ ಗುಜರೀಲಿ ಸೀಳದೇ ಇರೋದು ಏನಾದ್ರೂ ಇದೆಯಾ? ಈ ಬ್ಲಾಕ್ ಸುಮ್ನೆ ಕೊಟ್ರೂ ಬೇಡ ನಂಗೆ!”

“ನಾನು ನೋಡಿದಾಗ ಬಿರುಕು ಇರ್ಲಿಲ್ಲ ಸಾರ್.”

“ನಿಮ್ಮ ಕಣ್ಣು ಬೇರೆ, ನನ್ನ ಕಣ್ಣು ಬೇರೆ!”

“ನಾಳೆ ಬರ್ತೀನಿ. ಆ ಕಣ್ಣು ಹೇಗಿದೆ ಅಂತ ನಾನೂ ನೋಡ್ತೀನಿ,” ಎಂದು ಅವರು ಪಟ್ಟನೆ ಇಟ್ಟರು.

ಭಾನುವಾರ ಬೆಳಿಗ್ಗೆ ನಮ್ಮ ಮನೆ ಸಂತೆಯಾಯಿತು. ಭಾವ ಲಾರಿ ತಂದು, ಆಗಲೇ ಕಾರಿನ ಮೂತಿಗೆ ಹಗ್ಗ ಬಿಗಿಸಿದ್ದರು. ಮಾವನವರು ಕಾರಿನ ಬಾಗಿಲನ್ನು ತೆಗೆದು ಮುಚ್ಚಿ, ತೆಗೆದು ಮುಚ್ಚಿ ಮಾಡುತ್ತಿದ್ದರು. ಹೆಂಡತಿ ಅತ್ತ ನೋಡದೆ ನಡುಮನೆಯ ಜಿಡ್ಡನ್ನು ಉಜ್ಜುತ್ತಲೇ ಇದ್ದಳು. ಸಾಹುಕಾರರು ಬಂದವರೇ “ಎಲ್ಲಿ ಬಿರುಕು?” ಎಂದರು.

ನಾನು ಎಲ್ಲರನ್ನೂ ಬಚ್ಚಲಿಗೆ ಆಹ್ವಾನಿಸಿದೆ. ನಮ್ಮ ಬಚ್ಚಲು ಒಬ್ಬರು ಕೈ ಚಾಚಿದರೆ ಗೋಡೆಗೆ ತಾಗುವಂಥದ್ದು. ಅದರೊಳಗೆ ಮಾವ, ಭಾವ, ಸಾಹುಕಾರರು, ಬ್ಲಾಕು, ಬಕೆಟ್ಟು ಮತ್ತು ನಾನು. ಸ್ಕೇಲು ಹಿಡಿದು ಭಾಷಣ ಶುರುಮಾಡಿದೆ. ಬಿರುಕು ಎಂದರೇನು, ಅದರ ವಿಧಗಳೆಷ್ಟು, ತಲೆಮರೆಸಿಕೊಳ್ಳುವ ಬಿರುಕು ಏಕೆ ಎಲ್ಲಕ್ಕಿಂತ ಘೋರ.

ಸಾಹುಕಾರರು ಕನ್ನಡಕ ಏರಿಸಿ ಬಗ್ಗಿದರು. ಅವರ ಮುಖದ ಬಣ್ಣ ಇಳಿಯಿತು. “ಏನೋ ಗೆರೆಯಂತೂ ಇದೆ ಸಾರ್... ನಾನೇ ನೋಡ್ಲಿಲ್ವೋ ಏನೋ...”

“ಕೇಳಿದ್ರಾ ಮಾವ?” ಎಂದು ಗರ್ಜಿಸಿದೆ.

“ಸರಿ ಅಳಿಯಂದ್ರೇ. ಆ ಕಾರಿನ ಋಣ ಇಷ್ಟೇ ಇತ್ತು ಅನ್ಸುತ್ತೆ,” ಎಂದರು ಮಾವ. ಭಾವ “ಹಾಗಾದ್ರೆ ಆ ಕಾರು ಸೋಫಾನೇ!” ಎಂದು ಲಾರಿಯವನಿಗೆ ಕೈಸನ್ನೆ ಮಾಡಲು ಕಿಟಕಿಯ ಕಡೆ ತಿರುಗಿದರು.

ಆಗ ಹೆಂಡತಿ ಒರೆಸುವ ಬಟ್ಟೆ ಹಿಡಿದು ನಮ್ಮೆಲ್ಲರ ನಡುವೆ ತೂರಿ ಬಂದಳು. “ಭಾಷಣ ಮುಗಿದ್ರೆ ಪಕ್ಕಕ್ಕೆ ಸರೀರಿ. ಬಚ್ಚಲು ತೊಳೀಬೇಕು.” ಬ್ಲಾಕಿನ ಮೇಲೆ ಬಟ್ಟೆ ಇಡಲು ಹೋದವಳು ಗಕ್ಕನೆ ನಿಂತಳು. ಬಗ್ಗಿದಳು. ತೂಬು ಕಟ್ಟುವ ವಸ್ತುವನ್ನು ವರ್ಷಾನುಗಟ್ಟಲೆ ಕೈಯಾರೆ ತೆಗೆದವಳ ಕಣ್ಣು ಅದು! ಎರಡು ಉಗುರುಗಳ ನಡುವೆ ನನ್ನ ಬಿರುಕಿನ ತುದಿ ಹಿಡಿದು, ಮೆಲ್ಲಗೆ ಎತ್ತಿದಳು.

ಬಿರುಕು ಎದ್ದು ಬಂತು!

ಸ್ವಾಮಿ, ನಾನು ನನ್ನ ವೃತ್ತಿಜೀವನದಲ್ಲಿ ಸಾವಿರಾರು ಬಿರುಕುಗಳನ್ನು ಕಂಡಿದ್ದೇನೆ. ಒಂದಾದರೂ ಬಕೆಟ್ ಬಿಟ್ಟು ಎದ್ದು ಬಂದದ್ದಿಲ್ಲ. ಇದು ಅವಳ ಬೆರಳ ತುದಿಯಲ್ಲಿ ತೂಗಾಡುತ್ತ, ಪೌಡರ್ ಉದುರಿಸುತ್ತಿತ್ತು. ಬ್ಲಾಕಿನ ಮೇಲೆ ಅದು ಮಲಗಿದ್ದ ಜಾಗ ಕನ್ನಡಿಯಂತೆ ನುಣ್ಣಗಿತ್ತು.

“ಕೂದಲು,” ಎಂದಳು ಹೆಂಡತಿ.

ಬಚ್ಚಲಿನಲ್ಲೇ ತನಿಖೆ ಶುರುವಾಯಿತು. ಭಾವನವರ ತಲೆ ಅವರ ಷೋರೂಮಿನ ಮೇಜಿನಷ್ಟೇ ನುಣುಪು. ಸಾಹುಕಾರರದು ಅದಕ್ಕಿಂತ ಒಂದು ಕೈ ಮೇಲು. ಮಾವನವರದು ಪೂರ್ತಿ ಬೆಳ್ಳಿ. ಹೆಂಡತಿಯದು ಸೊಂಟದುದ್ದ, ಇದೋ ಬೆರಳುದ್ದ. ಒಬ್ಬೊಬ್ಬರ ಕಣ್ಣೂ ಸುತ್ತಿ ಸುತ್ತಿ ಬಂದು ನನ್ನ ತಲೆಯ ಮೇಲೆ ನಿಂತಿತು.

“ನಂದು ಅಂತ ಹೇಗೆ ಹೇಳ್ತೀರಿ? ಗುಜರಿಯಿಂದ್ಲೇ ಬಂದಿರಬಹುದು,” ಎಂದೆ ಕ್ಷೀಣವಾಗಿ.

ಹೆಂಡತಿ ಕೂದಲನ್ನು ಕಿಟಕಿಯ ಬೆಳಕಿಗೆ ಹಿಡಿದಳು, ಥೇಟ್ ನಾನು ಬಕೆಟ್ ಹಿಡಿಯುವ ಹಾಗೆ. “ಇಲ್ನೋಡಿ ಅಪ್ಪಾ. ತುದಿಯೆಲ್ಲಾ ಕಪ್ಪು. ಬುಡ ಮಾತ್ರ ಬೆಳ್ಳಗೆ. ಅದಕ್ಕೇ ಪೌಡರಲ್ಲಿ ತುದಿ ಕಾಣಿಸ್ತು, ಬುಡ ಕಾಣಿಸ್ಲಿಲ್ಲ. ಅರ್ಧ ದಾರೀಲಿ ತಲೆಮರೆಸ್ಕೊಳ್ಳೋ ಬಿರುಕಂತೆ! ಬಣ್ಣ ಹಚ್ಚಿ ಮೂರು ವಾರ ಆಗಿದೆ, ಬುಡ ಬಿಳಿ ತಿರುಗಿದೆ, ಅಷ್ಟೇ.”

“ಬಣ್ಣಾನಾ?” ಎಂದರು ಭಾವ. ಆ ಒಂದು ಪದದಲ್ಲಿ ಎಷ್ಟು ವರ್ಷಗಳ ಸಂತೋಷವಿತ್ತೆಂದು ನಿಮಗೆ ಹೇಗೆ ಹೇಳಲಿ!

“ಕಪಾಟಿನ ಹಿಂದೆ, ಕೆಮ್ಮಿನ ಔಷಧಿ ಬಾಟಲೀಲಿ ಇಟ್ಕೊಂಡಿದ್ದಾರೆ ಭಾವ. ಇವರಿಗೆ ಕೆಮ್ಮೇ ಬರಲ್ಲ, ಔಷಧಿ ಮಾತ್ರ ಖಾಲಿ ಆಗ್ತಿರುತ್ತೆ. ಉದುರೋದೂ ಇಲ್ಲ, ನೆರೆಯೋದೂ ಇಲ್ಲ! ಒಂದೇ ಎಳೇಲಿ ಎರಡೂ ಸಿಕ್ತು.”

ಬೆಟ್ಟ ಅಗೆದು ಇಲಿ ಹಿಡಿದರು ಎನ್ನುತ್ತಾರೆ. ಅವರಿಗಾದರೂ ಇಲಿ ಸಿಕ್ಕಿತ್ತು! ಭಾವ ಗೋಡೆಗೆ ಒರಗಿ ನಗುತ್ತಿದ್ದರು. ಮಾವನವರು ಮಾತ್ರ ನಗಲಿಲ್ಲ, ಬಗ್ಗಿ ಬ್ಲಾಕಿನ ಮೇಲ್ಮೈಯನ್ನು ಅಂಗೈಯಿಂದ ಒರೆಸಿ, ಇನ್ನೊಮ್ಮೆ ಒರೆಸಿ, “ಹಾಗಾದ್ರೆ ಇದು ಚೆನ್ನಾಗಿದೆ! ಹಗ್ಗ ಬಿಚ್ಚಕ್ಕೆ ಹೇಳಿ!” ಎಂದರು. ಅವರ ಕಣ್ಣು ಒದ್ದೆಯಾಗಿತ್ತು.

“ನಿಲ್ಲಿ ನಿಲ್ಲಿ,” ಎಂದರು ಸಾಹುಕಾರರು. ಈಗ ಅವರಿಗೆ ದನಿ ಬಂದಿತ್ತು. “ಸುಮ್ನೆ ಕೊಟ್ರೂ ಬೇಡ ಅಂದಿದ್ದಾರೆ ಇವರು. ಬೇಡ ಅಂದ್ರೆ ಆ ಇನ್ನೊಬ್ಬ ಗಿರಾಕಿಗೆ ಅಂತ ಮೊದಲೇ ಹೇಳಿದೀನಿ. ಹೊಟ್ಟೆ ಮೇಲೆ ಏನೋ ಬೇರೆ ಒತ್ತಿದ್ದಾರೆ. ಇವರ ಕೈಗೆ ನಾನು ಬ್ಲಾಕ್ ಕೊಡಲ್ಲ. ಎತ್ಕೊಂಡು ಹೋಗ್ತೀನಿ.”

ಗೆದ್ದಾಗ ಕಾಣದ ಕಾರು ಈಗ ಕಣ್ಣಿಗೆ ಕಟ್ಟಿತು. ಆ ಸೀಟು, ಆ ಪೆಡಲ್, ಅದರ ಮೇಲೆ ಅವಳ ಕಾಲು. “ಸಾಹುಕಾರ್ರೇ, ತಪ್ಪಾಯ್ತು. ನನ್ನ ಕಣ್ಣೇ ಸರಿ ಇಲ್ಲ. ನಂಗೆ ಬೇಡ, ಇವಳಿಗೋಸ್ಕರ ಕೊಡಿ,” ಎಂದು ಕೈ ಮುಗಿದೆ. ಇದನ್ನು ಮಾತ್ರ ನಾಟಕಕ್ಕೆ ಹೇಳಲಿಲ್ಲ.

ಸಾಹುಕಾರರು ಮುಖ ತಿರುಗಿಸಿದರು. ಹೆಂಡತಿ ಅವರನ್ನೇ ದಿಟ್ಟಿಸಿ ನೋಡುತ್ತಿದ್ದವಳು, “ನೀವು ನಮ್ಮ ಸ್ಕೂಲಲ್ಲಿ ಡ್ರೈವಿಂಗ್ ಕಲ್ತಿದ್ರಿ ಅಲ್ವಾ? ರಿವರ್ಸ್ ಹಾಕೋವಾಗ ಕಣ್ಣು ಮುಚ್ಕೋತಿದ್ರಿ!” ಎಂದಳು.

ಅವರ ಬೋಳುತಲೆ ನೆತ್ತಿಯವರೆಗೆ ಕೆಂಪಾಯಿತು. “ಅಯ್ಯೋ, ಮೇಡಂ! ನೀವಾ? ಆಗ ನಂಗೆ ತಲೆ ತುಂಬ ಕೂದಲಿತ್ತು, ನೀವು ಗುರುತು ಹಿಡಿದಿದ್ದೇ ಹೆಚ್ಚು.” ಎಂದವರು ಶೆಡ್ಡಿನ ಕಡೆ ಕತ್ತು ಚಾಚಿ, “ಅದೇ ಕಾರಾ? ಸೋಫಾ ಮಾಡ್ತೀವಿ ಅಂತಿದ್ದಿದ್ದು ಅದನ್ನಾ?” ಎಂದು ಭಾವನವರನ್ನು ಕಣ್ಣಲ್ಲೇ ಸುಟ್ಟರು. “ಬ್ಲಾಕ್ ಕೊಟ್ಟೆ ಮೇಡಂ. ನಿಮಗೆ ಕೊಟ್ಟೆ. ಇವರಿಗಲ್ಲ. ಇವರು ಆ ಮೊಹರು ಅಳಿಸ್ಲಿ, ಅದೂ ನನ್ನೆದುರಿಗೆ.”

ಅಳಿಸಿದೆ. ನಮ್ಮ ಕಾರ್ಖಾನೆಯ ಶಾಯಿ ಅಷ್ಟು ಸುಲಭಕ್ಕೆ ಹೋಗುವಂಥದ್ದಲ್ಲ. ಮಂಡಿಯೂರಿ ಉಜ್ಜುತ್ತಿದ್ದರೆ, ಸಾಹುಕಾರರು ಬಾಗಿಲಲ್ಲೇ ಕಾವಲು ನಿಂತಿದ್ದರು, ಮಿಕ್ಕವರೆಲ್ಲ ನಡುಮನೆ ಸೇರಿ ಕಾಫಿ ಕುಡಿಯುತ್ತಿದ್ದದ್ದು ಕೇಳಿಸುತ್ತಿತ್ತು. ಆ ವ್ಯಾಪಾರಿ ಭಾವ ಅಷ್ಟಕ್ಕೇ ಬರಿಗೈಯಲ್ಲಿ ಹೋಗುವ ಆಸಾಮಿಯೇ? ಸೀಳಿದ ಹಳೆಯ ಬ್ಲಾಕನ್ನೇ ಲಾರಿಗೆ ಹೇರಿಸಿಕೊಂಡು ಹೋದರು. ಮೇಲೊಂದು ಗಾಜು ಕೂರಿಸಿ ಟೀಪಾಯಿ ಮಾಡಿದ್ದಾರಂತೆ. ಬಂದ ಗಿರಾಕಿಗಳಿಗೆಲ್ಲ ಬಿರುಕು ತೋರಿಸಿ, “ಇದು ನಿಜವಾದ ಬಿರುಕು. ನಮ್ಮ ಷಡ್ಡಕನದು ಬೇರೆ ಥರ,” ಎಂದು ನನ್ನ ಕಥೆಯನ್ನೂ ಹೇಳುತ್ತಾರಂತೆ.

ಮೇಸ್ತ್ರಿ ಕೊಟ್ಟ ಮಾತಿನಂತೆ ಎಂಜಿನ್ ಜೋಡಿಸಿದರು. ನನ್ನನ್ನು ಮಾತ್ರ, “ತಲೆಗೆ ಟವೆಲ್ ಕಟ್ಕೊಂಡು ಬನ್ನಿ ಸಾರ್, ಇಲ್ಲಾಂದ್ರೆ ದೂರ ನಿಂತ್ಕೊಳ್ಳಿ,” ಎಂದು ಹತ್ತಿರ ಬಿಟ್ಟುಕೊಳ್ಳಲಿಲ್ಲ. ತಲೆ ಬೋಳಿಸಿಕೊಳ್ಳುವ ಶಪಥದ ವಿಷಯವನ್ನು ಹೆಂಡತಿ ದೊಡ್ಡ ಮನಸ್ಸು ಮಾಡಿ ಎತ್ತಲಿಲ್ಲ. ತೂಬು ತೆಗೆಯುವ ಕೆಲಸ ಮಾತ್ರ ಶಾಶ್ವತವಾಗಿ ನನ್ನದಾಯಿತು.

ಕಾರು ಮೊದಲ ಸಲ ಗುಡುಗಿ ಎದ್ದ ದಿನ ಮಾವನವರು ಬಾನೆಟ್ಟಿಗೆ ಕಿವಿಯಿಟ್ಟು ನಿಂತುಬಿಟ್ಟರು. “ಮೊದಲು ನೀವೇ ಓಡಿಸಿ ಅಳಿಯಂದ್ರೇ,” ಎಂದರು. ಕಳೆದ ಮಾನ ಮರಳಿ ಬಂತು! ಸ್ಟೀರಿಂಗ್ ಹಿಡಿದು ಎದೆ ಉಬ್ಬಿಸಿ ಕೂತೆ. ಪಕ್ಕದ ಸೀಟಿನಲ್ಲಿ ಹೆಂಡತಿ. ಬೀದಿಯ ಕೊನೆಯವರೆಗೆ ರಾಜನಂತೆ ಹೋದೆ. ತಿರುವಿನಲ್ಲಿ ಪಕ್ಕದ ಮನೆಯವರಿಗೆ ಕೈ ಬೀಸುತ್ತ ಇನ್ನಷ್ಟು ವೇಗ ಕೊಟ್ಟೆ. ಕಾರು ಗಕ್ಕನೆ ನಿಂತಿತು.

“ನೋಡಿದ್ಯಾ?” ಎಂದೆ. ನನಗೆ ಒಳಗೊಳಗೇ ಖುಷಿ! “ನಾನು ಅವತ್ತೇ ಅಂದಿದ್ದೆ! ಬ್ಲಾಕಲ್ಲಿ ಏನೋ ಐಬಿದೆ ಅಂತ! ಕೂದಲು ಒಂದು ನೆಪ, ಆದ್ರೆ ನನ್ನ ಅನುಮಾನ ಸುಳ್ಳಾಗಲ್ಲ. ಪಿಸ್ಟನ್ ಹಿಡ್ಕೊಂಡಿದೆ. ಇಳೀತೀನಿ, ಬಾನೆಟ್ ತೆಗೆದು ತೋರಿಸ್ತೀನಿ ಇರು!”

“ಬ್ಲಾಕ್ ಚೆನ್ನಾಗೇ ಇದೆ ಕಣ್ರೀ,” ಎಂದಳು ಅವಳು, ಮುಂದೆ ನೋಡುತ್ತ. “ಬ್ರೇಕ್ ಒತ್ತಿರೋದು ನಾನು. ಎದುರಿಗೆ ಗೋಡೆ ಇದೆ.”